ಮಂಗನ ಕಾಯಿಲೆ ಯಾಕೆ ಭದ್ರತೆಯ ವಿಷಯವೂ ಹೌದು

ಭದ್ರತೆ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಗಡಿ, ಸೈನಿಕರು, ಕ್ಷಿಪಣಿ. ಸುದ್ದಿ ಚಾನೆಲ್‌ಗಳಲ್ಲಿ ದಿನವೂ ಕೇಳುವುದು ಅದನ್ನೇ ಅಲ್ವಾ. ಈಗ ಸಾಗರ, ಸೊರಬ, ಸಿದ್ದಾಪುರ, ತೀರ್ಥಹಳ್ಳಿ ಕಡೆಯ ಕಾಡಂಚಿನ ಒಂದು ಮನೆಯನ್ನು ನೆನಪಿಸಿಕೊಳ್ಳಿ. ಅರ್ಧ ಎಕರೆ ಅಡಿಕೆ, ಎರಡು ಹಸು, ಉಳಿದ ದಿನಗಳಲ್ಲಿ ಕೂಲಿ. ಆ ಮನೆಯವರನ್ನು ಯಾವ ದೇಶವೂ ಹೆದರಿಸುತ್ತಿಲ್ಲ. ಆದರೂ ಡಿಸೆಂಬರಿನಿಂದ ಮೇ ತನಕ ಅವರು ಹೆದರಿಕೊಂಡೇ ಬದುಕುತ್ತಾರೆ. ಹಿತ್ತಲಿನ ಬೆಟ್ಟಕ್ಕೆ ಹೋದವರು ವಾರ ಕಳೆಯುವುದರೊಳಗೆ ಜ್ವರ ಹಿಡಿದು ಮಲಗಬಹುದು, ಬಾಯಿ ಮೂಗಿನಿಂದ ರಕ್ತ ಬರಬಹುದು, ಜೀವವೇ ಹೋಗಬಹುದು. ಕಾರಣ, ಎಳ್ಳುಕಾಳಿಗಿಂತ ಚಿಕ್ಕದಾದ ಒಂದು ಹುಳ.

ಇದೇ ಮಂಗನ ಕಾಯಿಲೆ. ಇದನ್ನು ನಾವು ಆರೋಗ್ಯ ಇಲಾಖೆಯ ಸಮಸ್ಯೆ ಅಂತ ಒಂದು ಡಬ್ಬಿಗೆ ಹಾಕಿ ಮುಚ್ಚಿಬಿಡುತ್ತೇವೆ. ನನ್ನ ಪ್ರಕಾರ ಅಲ್ಲೇ ತಪ್ಪುತ್ತಿದೆ. ಕಾಡನ್ನು ಬಳಸುವ ರೀತಿ ಬದಲಾದಾಗ ಮನುಷ್ಯರ ಬದುಕಿಗೆ ಎಂಥ ಅಪಾಯ ಎದುರಾಗುತ್ತದೆ ಅನ್ನುವುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಕಡೆ ಹುಡುಕಬೇಕಿಲ್ಲ. ನಮ್ಮ ಮಲೆನಾಡಿನಲ್ಲೇ ಇದೆ, 1957ರಿಂದ ಇದೆ.

ಮೊದಲು ‘ಮಾನವ ಭದ್ರತೆ’ ಅನ್ನುವ ವಿಚಾರ ಎಲ್ಲಿಂದ ಬಂತು ಅಂತ ಚುಟುಕಾಗಿ ಹೇಳಿಬಿಡುತ್ತೇನೆ. 1994ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಹೊರತಂದ ಮಾನವ ಅಭಿವೃದ್ಧಿ ವರದಿಯಲ್ಲಿ ಇದನ್ನು ದೊಡ್ಡದಾಗಿ ಮಂಡಿಸಲಾಯಿತು. ಅದರ ಹಿಂದೆ ಇದ್ದವರು ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್. ಶೀತಲ ಸಮರ ಆಗಷ್ಟೇ ಮುಗಿದಿತ್ತು. ಇಷ್ಟು ವರ್ಷ ನೆಲವನ್ನು, ಸರ್ಕಾರವನ್ನು ಕಾಯುವುದೇ ಭದ್ರತೆ ಅಂದುಕೊಂಡೆವು, ಇನ್ನಾದರೂ ಆ ನೆಲದ ಮೇಲೆ ಬದುಕುವ ಮನುಷ್ಯನಿಂದ ಲೆಕ್ಕ ಶುರು ಮಾಡೋಣ ಅನ್ನುವುದು ಅದರ ವಾದ. ಆದಾಯ, ಆಹಾರ, ಆರೋಗ್ಯ, ಪರಿಸರ, ವೈಯಕ್ತಿಕ ಸುರಕ್ಷತೆ, ಸಮುದಾಯ, ರಾಜಕೀಯ ಹಕ್ಕು ಅಂತ ಏಳು ಮುಖಗಳನ್ನು ಆ ವರದಿ ಗುರುತಿಸಿತು. ಸಾಯದೆ ಉಳಿದ ಮಗು, ಹರಡದೆ ನಿಂತ ಕಾಯಿಲೆ, ಕೈತಪ್ಪದ ಕೆಲಸ, ಇವೇ ಮನುಷ್ಯನ ಭದ್ರತೆ ಅನ್ನುವ ಅರ್ಥದ ಮಾತು ಅದರಲ್ಲಿ ಬರುತ್ತದೆ. ಈ ಏಳೂ ಒಂದಕ್ಕೊಂದು ಹೆಣೆದುಕೊಂಡಿವೆ, ಒಂದು ಸಡಿಲವಾದರೆ ಉಳಿದವೂ ಸಡಿಲವಾಗುತ್ತವೆ. ಮಂಗನ ಕಾಯಿಲೆಯಲ್ಲಿ ಇದು ಕಣ್ಣಿಗೆ ಕಟ್ಟುವ ಹಾಗೆ ಕಾಣುತ್ತದೆ.

1957ರ ಬೇಸಿಗೆಯ ಹೊತ್ತಿಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳ ಜನರಿಗೂ ವಿಚಿತ್ರ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಈಗ ಅದು ರಾಷ್ಟ್ರೀಯ ವೈರಾಣು ಸಂಸ್ಥೆ ಆಗಿದೆ, ಆಗ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ನಿನ ಸಹಯೋಗದಲ್ಲಿ ನಡೆಯುತ್ತಿತ್ತು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುತ್ತಿದ್ದಾರೆ ಅಂದರೆ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತಾ ಅನ್ನುವುದು ಅವರ ಮೊದಲ ಭಯ. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಅಲ್ಲಿಯ ತನಕ ಯಾರಿಗೂ ಗೊತ್ತಿಲ್ಲದ ವೈರಸ್. ಅದಕ್ಕೆ ಕ್ಯಾಸನೂರು ಕಾಡಿನ ಹೆಸರೇ ಅಂಟಿಕೊಂಡಿತು, ಕಾಯಿಲೆ ‘ಕ್ಯಾಸನೂರು ಫಾರೆಸ್ಟ್ ಡಿಸೀಸ್’ ಆಯಿತು, ಕೆಎಫ್‌ಡಿ ಅನ್ನುವುದು ಅದರ ಚಿಕ್ಕ ರೂಪ. ಊರಿನವರ ಬಾಯಲ್ಲಿ ಅದು ಮಂಗನ ಕಾಯಿಲೆ.

ಮಂಗನ ಕಾಯಿಲೆ ಅಂದ ಮಾತ್ರಕ್ಕೆ ಮಂಗನೇ ಕಾಯಿಲೆ ತಂದದ್ದು ಅಂದುಕೊಳ್ಳಬೇಡಿ. ಅದೂ ನಮ್ಮ ಹಾಗೆಯೇ ಸಿಕ್ಕಿಬಿದ್ದ ಪ್ರಾಣಿ. ವೈರಸ್ಸು ಇರುವುದು ಕಾಡಿನ ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳಲ್ಲಿ ಮತ್ತು ಅವುಗಳ ರಕ್ತ ಹೀರುವ ಉಣುಗುಗಳಲ್ಲಿ. ಉಣ್ಣೆ ಅಂತಲೂ ಕರೆಯುತ್ತಾರೆ, ದನದ ಕಿವಿ ಸಂದಿಯಲ್ಲಿ ಕಚ್ಚಿಕೊಂಡಿರುತ್ತದಲ್ಲ, ಅದರದ್ದೇ ಜಾತಿ. ಮುಖ್ಯವಾಗಿ ಕಾಯಿಲೆ ದಾಟಿಸುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಅನ್ನುವ ಉಣುಗು. ಇದರ ಬದುಕು ಮೂರು ಹಂತದ್ದು. ಮಳೆ ಕಳೆದ ಮೇಲೆ ಮೊಟ್ಟೆಯೊಡೆದು ಬಂದ ಮರಿಗಳು ಸಣ್ಣ ಪ್ರಾಣಿಗಳ, ಹಕ್ಕಿಗಳ ರಕ್ತ ಕುಡಿಯುತ್ತವೆ. ಅವು ಬೆಳೆದು ಎಳೆ ಉಣುಗುಗಳಾಗುತ್ತವೆ, ಇವುಗಳ ಕಾಟ ನವೆಂಬರ್ ಡಿಸೆಂಬರಿಗೆ ಶುರುವಾಗಿ ಮೇ ತನಕ. ಮಂಗನಿಗೆ, ಮನುಷ್ಯನಿಗೆ ಕಚ್ಚುವುದು ಜಾಸ್ತಿ ಈ ಎಳೆ ಉಣುಗೇ. ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಆಮೇಲೆ ಮಳೆಗಾಲದಲ್ಲಿ ದೊಡ್ಡ ಉಣುಗುಗಳಾಗಿ ದನ, ಎಮ್ಮೆ, ಕಾಡಿನ ದೊಡ್ಡ ಪ್ರಾಣಿಗಳ ಮೈಗೆ ಹತ್ತುತ್ತವೆ.

ದನಗಳಿಗೆ ಈ ಕಾಯಿಲೆ ಬರುವುದಿಲ್ಲ. ಆದರೆ ಕಾಡಿನಲ್ಲಿ ಮೇಯುವ ದನ ಜಾಸ್ತಿ ಇದ್ದಷ್ಟೂ ದೊಡ್ಡ ಉಣುಗುಗಳಿಗೆ ರಕ್ತ ಸಿಗುತ್ತದೆ, ಮೊಟ್ಟೆ ಜಾಸ್ತಿ, ಮುಂದಿನ ವರ್ಷ ಉಣುಗು ಜಾಸ್ತಿ. ಮಂಗಗಳ ಕಥೆ ಬೇರೆ. ಹನುಮಾನ್ ಲಂಗೂರ್ ಮತ್ತು ನಮ್ಮ ಕೆಂಪು ಮೂತಿಯ ಕೋತಿ ಎರಡಕ್ಕೂ ಸೋಂಕು ತಗುಲಿದರೆ ಅವುಗಳ ರಕ್ತದಲ್ಲಿ ವೈರಸ್ಸು ವಿಪರೀತ ಬೆಳೆಯುತ್ತದೆ. ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಅದರ ಮೇಲಿದ್ದ ಉಣುಗುಗಳು ಕೆಳಗಿಳಿದು ಸುತ್ತಲಿನ ಎಲೆಗಳಲ್ಲಿ ಕಾದು ಕೂರುತ್ತವೆ. ಅದಕ್ಕೇ ಸತ್ತ ಮಂಗ ಸಿಕ್ಕ ಜಾಗದ ಸುತ್ತ 50 ಮೀಟರ್ ತನಕ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಹೊಡೆಯುವುದು. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಗೇ ಕಾಯಿಲೆ ಬಂದಿತ್ತು.

ಮನುಷ್ಯನಿಗೆ ಕಚ್ಚಿದ ಮೇಲೆ ಮೂರರಿಂದ ಎಂಟು ದಿನಕ್ಕೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆ ಸಿಡಿಯುವ ನೋವು, ಮೈಕೈ ಮುರಿದ ಹಾಗೆ ಆಗುವುದು, ವಾಂತಿ. ಕೆಲವರಿಗೆ ಒಸಡು, ಮೂಗು, ಕರುಳಿನಲ್ಲಿ ರಕ್ತಸ್ರಾವ. ಇನ್ನು ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರ ಆರಾಮಿದ್ದು, ವಾಸಿಯಾಯಿತು ಅಂದುಕೊಳ್ಳುವ ಹೊತ್ತಿಗೆ ಎರಡನೇ ಸಲ ಜ್ವರ ಬರುತ್ತದೆ, ಆಗ ಮೆದುಳು ನರಗಳಿಗೆ ತೊಂದರೆ. ಸೋಂಕಾದವರಲ್ಲಿ ಸಾಮಾನ್ಯವಾಗಿ ನೂರಕ್ಕೆ 3ರಿಂದ 5 ಜನ ಸಾಯುತ್ತಾರೆ. ಇದಕ್ಕೇ ಅಂತ ಔಷಧ ಇಲ್ಲ. ಸಮಯಕ್ಕೆ ಆಸ್ಪತ್ರೆ ಸೇರಿಸಿ, ನೀರಿನಂಶ ಕಾಪಾಡಿ, ರಕ್ತಸ್ರಾವ ನೋಡಿಕೊಂಡರೆ ಹೆಚ್ಚಿನವರು ಉಳಿಯುತ್ತಾರೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಅನ್ನುವುದೊಂದೇ ಸಮಾಧಾನ.

ಈ ಕಾಯಿಲೆಯನ್ನು ಒಂದು ಕಾಲದಲ್ಲಿ ನಿಜವಾಗಿಯೂ ‘ಭದ್ರತೆ’ಯ ಕಣ್ಣಿನಿಂದ ನೋಡಲಾಗಿತ್ತು. ಆ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಕ್ಯಾಸನೂರಿನ ವೈರಸ್ಸು ಸೈಬೀರಿಯಾ ಕಡೆ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ. ಅದು ಶೀತಲ ಸಮರದ ಕಾಲ. ಹಾಗಾದರೆ ರಷ್ಯಾದಿಂದ ವಲಸೆ ಬರುವ ಹಕ್ಕಿಗಳು ಉಣುಗುಗಳನ್ನು ಹೊತ್ತು ತಂದಿರಬಹುದಾ ಅನ್ನುವ ಪ್ರಶ್ನೆ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆ ಆಸಕ್ತಿ ತೋರಿಸಿತು. ಪಕ್ಷಿತಜ್ಞ ಸಲೀಂ ಅಲಿ ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸಾವಿರಾರು ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅಧ್ಯಯನ ಮಾಡಿತು. ಮುಂದೆ ಆ ಯೋಜನೆಗೆ ಅಮೆರಿಕದ ಸೇನೆಯ ಹಣವೂ ಬಂದದ್ದು ದೊಡ್ಡ ವಿವಾದವಾಗಿ, ಜೈವಿಕ ಯುದ್ಧದ ತಯಾರಿ ಇರಬಹುದಾ ಅನ್ನುವ ಅನುಮಾನ ಹುಟ್ಟಿ, 1970ರ ದಶಕದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ತನಕ ವಿಷಯ ಹೋಯಿತು. ಹಕ್ಕಿಗಳೇ ತಂದವು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಅಮೆರಿಕದಲ್ಲಿ ಇವತ್ತಿಗೂ ಈ ವೈರಸ್ಸು ಕಟ್ಟುನಿಟ್ಟಿನ ನಿಯಂತ್ರಣ ಇರುವ ಅಪಾಯಕಾರಿ ರೋಗಾಣುಗಳ ಪಟ್ಟಿಯಲ್ಲಿದೆ.

ಹಕ್ಕಿಗಳ ಬಗ್ಗೆ ಆ ಅಧ್ಯಯನದಿಂದ ಬಂದ ತಿಳಿವಳಿಕೆ ದೊಡ್ಡದು, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ದೇಶಗಳ ಭದ್ರತೆಯ ದೃಷ್ಟಿಯಿಂದ ನೋಡಿದವರು ಕೇಳಿದ್ದು, ವೈರಸ್ಸು ಹೊರಗಿನಿಂದ ಬಂತಾ, ಯಾರಾದರೂ ಇದನ್ನು ಅಸ್ತ್ರ ಮಾಡುತ್ತಾರಾ ಅಂತ. ಸೊರಬದ ಕೂಲಿ ಹೆಣ್ಣುಮಗಳ ದೃಷ್ಟಿಯಿಂದ ನೋಡಿದ್ದರೆ ಕೇಳಬೇಕಾದ ಪ್ರಶ್ನೆ ಬೇರೆ ಇತ್ತು. ಈ ಕಾಡಿನಲ್ಲಿ ಏನು ಬದಲಾಯಿತು? ಕಾಡಿಗೆ ಹೋಗದೆ ಇವಳ ಸಂಸಾರ ನಡೆಯುತ್ತದಾ?

ಕಾಡಿನಲ್ಲಿ ಬದಲಾದದ್ದು ಬಹಳ. ಸೊರಬದ ಕಡೆ ‘ಕಾನು’ ಅಂತ ಕರೆಯುವ ದಟ್ಟ ನಿತ್ಯಹಸಿರು ಕಾಡಿನ ತುಣುಕುಗಳಿದ್ದವು, ದೇವರ ಹೆಸರಿನಲ್ಲಿ ಉಳಿದವು ಬೇಕಾದಷ್ಟು. ಅವುಗಳ ನಡುವೆ ಗದ್ದೆ, ತೋಟ. ಜನಸಂಖ್ಯೆ ಏರಿತು, ಕಾಡು ಕಡಿದು ಸಾಗುವಳಿ ಆಯಿತು, ರಸ್ತೆ ಬಂತು, ದನಗಳು ಇನ್ನಷ್ಟು ಒಳಗೆ ಮೇಯಲು ಹೋದವು. ಕಡಿದ ಜಾಗದಲ್ಲಿ ಲಂಟಾನಾ ಮತ್ತಿತರ ಪೊದೆಗಳು ಎದ್ದವು. ಉಣುಗಿಗೂ ಇಲಿಗೂ ಪೊದೆ, ಎಲೆರಾಶಿ ಇರುವ ಇಂಥ ಅಂಚುಗಳು ಒಳ್ಳೆಯ ಜಾಗ. ದಟ್ಟ ಕಾಡಿನೊಳಗೆ ತನ್ನಷ್ಟಕ್ಕೆ ಸುತ್ತುತ್ತಿದ್ದ ವೈರಸ್ಸಿಗೆ ಮಂಗ, ದನ, ಮನುಷ್ಯ ಮೂವರೂ ಒಂದೇ ಕಡೆ ಸಿಗತೊಡಗಿದರು.

ಇದಕ್ಕೆ ತೀರಾ ನೋವಿನ ಸಾಕ್ಷಿ ಬೆಳ್ತಂಗಡಿಯದ್ದು. 1982ರ ಕೊನೆಗೆ ನಿಡ್ಲೆ ಭಾಗದಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದರು. ಅದರ ಬೆನ್ನಿಗೇ ಮಂಗಗಳು ಸತ್ತವು, ಆಮೇಲೆ ಜನ. 1983ರಲ್ಲಿ 1,500ಕ್ಕೂ ಹೆಚ್ಚು ಜನರಿಗೆ ಕಾಯಿಲೆ ತಗುಲಿ ಸುಮಾರು 150 ಮಂದಿ ತೀರಿಕೊಂಡರು. ಮಂಗನ ಕಾಯಿಲೆಯ ಇತಿಹಾಸದಲ್ಲೇ ಅಷ್ಟು ದೊಡ್ಡ ಸಾವು ನೋವು ಆದ ವರ್ಷ ಅದು. ಅಲ್ಲಿ ಕಾಡು ಕಡಿದದ್ದು ‘ಅಭಿವೃದ್ಧಿ’ಗಾಗಿ. ಆ ಯೋಜನೆ ಮಾಡಿದವರು ಗೇರು ಇಳುವರಿ ಎಷ್ಟು, ಕೆಲಸ ಎಷ್ಟು ಜನಕ್ಕೆ ಅಂತ ಲೆಕ್ಕ ಹಾಕಿರುತ್ತಾರೆ. ಉಣುಗು ಯಾರ ಲೆಕ್ಕದಲ್ಲೂ ಇರಲಿಲ್ಲ.

ಹಾಗಂತ ಕಾಡು ಕಡಿದರೆ ಕಾಯಿಲೆ, ಕಾಡು ಬೆಳೆಸಿದರೆ ಆರೋಗ್ಯ ಅನ್ನುವಷ್ಟು ಸರಳ ಲೆಕ್ಕವೂ ಇದಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಪಾಯ ಜಾಸ್ತಿ ಕಂಡದ್ದು ತೇವದ ನಿತ್ಯಹಸಿರು ಕಾಡು ಮತ್ತು ನೆಡುತೋಪು ಬೆರೆತುಕೊಂಡಿರುವ, ನಾಟಿ ದನಗಳ ಸಂಖ್ಯೆಯೂ ಹೆಚ್ಚಿರುವ ಕಡೆ. ಪೂರ್ತಿ ಬೋಳಾದ ಜಾಗದಲ್ಲಿ ಮಂಗವೂ ಇಲ್ಲ, ಈ ಉಣುಗೂ ಕಡಿಮೆ. ತೊಂದರೆ ಇರುವುದು ಅರ್ಧ ಕಾಡು, ಅರ್ಧ ತೋಟ, ನಡುವೆ ಅಕೇಶಿಯಾ ಪ್ಲಾಂಟೇಶನ್, ಅದರ ಪಕ್ಕದಲ್ಲೇ ಮನೆ ಅನ್ನುವಂಥ ಕಡೆ. ಇವತ್ತಿನ ಮಲೆನಾಡಿನ ಬಹುಪಾಲು ಹಾಗೇ ಇದೆ. ಅಕೇಶಿಯಾ ತೋಪಿನಲ್ಲಿ ಮಂಗಕ್ಕೆ ತಿನ್ನಲು ಹಣ್ಣಿಲ್ಲ, ಅದು ಬಾಳೆ, ಅಡಿಕೆ ತೋಟಕ್ಕೆ ಇಳಿಯುತ್ತದೆ. ರೈತರು ಮಂಗಗಳ ಹಾವಳಿ ಅಂತ ಗೋಳಾಡುವುದು ಸುಮ್ನೆ ಅಲ್ಲ.

ಕಾಯಿಲೆ ಮಾತ್ರ ನಿಂತಲ್ಲಿ ನಿಂತಿಲ್ಲ. ಸುಮಾರು ಐವತ್ತು ವರ್ಷ ಕರ್ನಾಟಕದ ಐದು ಜಿಲ್ಲೆಗಳಲ್ಲಿ, ಅಂದರೆ ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರಿನಲ್ಲಿ ಮಾತ್ರ ಇದರ ಸುದ್ದಿ ಇತ್ತು. 2012ರಿಂದ ಈಚೆಗೆ ಚಾಮರಾಜನಗರ, ತಮಿಳುನಾಡಿನ ನೀಲಗಿರಿ, ಕೇರಳದ ವಯನಾಡ್ ಮತ್ತು ಮಲಪ್ಪುರಂ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಅಂತ ಪಶ್ಚಿಮ ಘಟ್ಟದ ಉದ್ದಕ್ಕೂ ಕಾಣಿಸಿಕೊಂಡಿದೆ. 2016ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಕೇಸುಗಳು ಸಿಕ್ಕಾಗ ನೋಡಿದರೆ ಹೆಚ್ಚಿನವರು ಗೇರು ತೋಟದ ಕೆಲಸಕ್ಕೆ ಪಕ್ಕದ ರಾಜ್ಯಕ್ಕೆ ಹೋಗಿ ಬಂದ ಕೂಲಿಗಳು. 2018ರ ಕೊನೆಯಿಂದ 2019ರ ಬೇಸಿಗೆ ತನಕ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಸಾಲು ಸಾಲು ಸಾವುಗಳಾದವು. 2024ರಲ್ಲಿ ಸಿದ್ದಾಪುರ ತಾಲ್ಲೂಕು ಬಹಳ ನೊಂದಿತು.

ಈಗ ಆ ಕಾಡಂಚಿನ ಮನೆಗೆ ಬನ್ನಿ. ಅಡಿಕೆ ತೋಟಕ್ಕೂ ಕೊಟ್ಟಿಗೆಗೂ ದರಗು ಬೇಕು. ದರಗು ಅಂದರೆ ಬೆಟ್ಟದಲ್ಲಿ ಉದುರಿದ ಒಣ ಎಲೆ. ಬೇಸಿಗೆಯಲ್ಲಿ ಹೆಂಗಸರು ಬೆಳಿಗ್ಗೆಯೇ ಬೆಟ್ಟಕ್ಕೆ ಹೋಗಿ, ಬಗ್ಗಿ ಎಲೆ ಗುಡಿಸಿ, ರಾಶಿ ಮಾಡಿ, ತುಳಿದು ಹಗ್ಗದ ಬಲೆಯಲ್ಲಿ ಕಟ್ಟಿ, ತಲೆ ಮೇಲೆ ಹೊತ್ತು ತರುತ್ತಾರೆ. ಹೊರೆಯಿಂದ ಎಲೆಚೂರು ಕುತ್ತಿಗೆಗೆ, ರವಿಕೆಯೊಳಗೆ ಉದುರುತ್ತಲೇ ಇರುತ್ತದೆ. ಕೊಟ್ಟಿಗೆಯಲ್ಲಿ ದನದ ಕೆಳಗೆ ಅದನ್ನು ಹಾಸಿ, ಸಗಣಿ ಗಂಜಲ ಬೆರೆತ ಮೇಲೆ ಗೊಬ್ಬರವಾಗಿ ತೋಟಕ್ಕೆ ಹಾಕುತ್ತಾರೆ. ತಲೆಮಾರುಗಳಿಂದ ನಡೆದುಕೊಂಡು ಬಂದ, ಬಹಳ ಬುದ್ಧಿವಂತಿಕೆಯ ಪದ್ಧತಿ ಇದು. ಎಲೆ ಒಣಗಿ ಉದುರುವ ಕಾಲವೂ, ಮಳೆಗಾಲಕ್ಕೆ ಸೌದೆ ಕೂಡಿಡುವ ಕಾಲವೂ, ಎಳೆ ಉಣುಗು ಹಸಿದು ಕಾಯುವ ಕಾಲವೂ ಒಂದೇ. ಉಣುಗು ಕೂರುವುದು ಅದೇ ದರಗಿನಲ್ಲಿ.

ಮೊದಲು ಹೇಳಿದ ಆ ಏಳು ಮುಖಗಳನ್ನು ಇಲ್ಲಿಟ್ಟು ನೋಡಿ. ಜ್ವರ ಬಂದರೆ ಹದಿನೈದು ದಿನ, ತಿಂಗಳು ಕೂಲಿ ಇಲ್ಲ, ಅದೂ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ. ಜ್ವರ ಬರದಿದ್ದರೂ ಹೆದರಿ ಬೆಟ್ಟಕ್ಕೆ ಹೋಗದಿದ್ದರೆ ಸೌದೆ ಇಲ್ಲ, ಗೊಬ್ಬರ ಇಲ್ಲ. ಕಾಯಿಲೆ ಜೋರಾದರೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಬೇಕು. ಚಿಕಿತ್ಸೆಯ ಖರ್ಚನ್ನು ಸರ್ಕಾರ ಕೊಟ್ಟರೂ ಜೊತೆಗೆ ಹೋದವರ ಊಟ, ಬಸ್ಸು, ಅವರ ಕೂಲಿ ನಷ್ಟ ಯಾರು ಕೊಡುತ್ತಾರೆ? ಮನೆಯಲ್ಲಿ ದನಗಳನ್ನು ಯಾರು ನೋಡುತ್ತಾರೆ? ಆರೋಗ್ಯ ಇಲಾಖೆಯ ಪಟ್ಟಿಯಲ್ಲಿ ಇದು ‘ಒಂದು ಪಾಸಿಟಿವ್, ಗುಣಮುಖ’. ಆ ಮನೆಯ ಪುಸ್ತಕದಲ್ಲಿ ವರ್ಷಗಟ್ಟಲೆ ತೀರದ ಸಾಲ. ಹೀಗಾಗಿಯೇ ಇದನ್ನು ಬರೀ ಕಾಯಿಲೆ ಅನ್ನದೆ ಭದ್ರತೆಯ ವಿಷಯ ಅನ್ನುತ್ತಿದ್ದೇನೆ.

ಲಸಿಕೆ ಇತ್ತಲ್ಲ ಅಂತ ಕೇಳಬಹುದು. ಇತ್ತು. 1990ರಿಂದ ಕರ್ನಾಟಕದಲ್ಲಿ ಕೊಡುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಮತ್ತೆ ವರ್ಷ ವರ್ಷವೂ ಬೂಸ್ಟರ್. ಚುಚ್ಚಿಸಿಕೊಂಡ ಜಾಗ ವಿಪರೀತ ನೋಯುತ್ತಿತ್ತು, ಒಂದು ಸಲ ಹಾಕಿಸಿಕೊಂಡವರು ಮತ್ತೆ ಬರುತ್ತಿರಲಿಲ್ಲ. 2005ರಿಂದ 2010ರ ತನಕದ ಮಾಹಿತಿ ಇಟ್ಟು ಮಾಡಿದ ಅಧ್ಯಯನದಲ್ಲಿ ಎರಡು ಡೋಸಿನಿಂದ ಶೇ. 62ರಷ್ಟು, ಬೂಸ್ಟರ್ ಸೇರಿದರೆ ಶೇ. 83ರಷ್ಟು ರಕ್ಷಣೆ ಕಂಡಿತ್ತು. ಬರುಬರುತ್ತಾ ಅದರ ಶಕ್ತಿಯ ಬಗ್ಗೆಯೇ ಅನುಮಾನ ಬಂದು 2022ರಲ್ಲಿ ಕೊಡುವುದನ್ನೇ ನಿಲ್ಲಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸ ಲಸಿಕೆಯ ಕೆಲಸಕ್ಕೆ ಕೈಹಾಕಿವೆ. ಹಳೆಯದು ನಿಲ್ಲುವ ಮೊದಲೇ ಹೊಸದು ತಯಾರಿರಬೇಕಿತ್ತು. 1957ರಲ್ಲೇ ಗೊತ್ತಾದ ಕಾಯಿಲೆ ಇದು. ದೊಡ್ಡ ನಗರಗಳಲ್ಲಿ ವರ್ಷಕ್ಕೆ ನಾನೂರು ಐನೂರು ಜನಕ್ಕೆ ಹೀಗೆ ರಕ್ತಸ್ರಾವದ ಜ್ವರ ಬರುತ್ತಿದ್ದರೆ ಇಷ್ಟು ದಿನ ಕಾಯುತ್ತಿದ್ದರಾ? ನನಗಂತೂ ಹಾಗೆ ಅನ್ನಿಸುವುದಿಲ್ಲ.

ಇನ್ನೊಂದು ತೊಡಕು ಆಡಳಿತದ್ದು. ಮಂಗ ಅರಣ್ಯ ಇಲಾಖೆಗೆ ಸೇರಿದ್ದು. ದನ ಪಶುಸಂಗೋಪನೆಗೆ. ಮನುಷ್ಯ ಆರೋಗ್ಯ ಇಲಾಖೆಗೆ. ಹಳ್ಳಿಯ ರಸ್ತೆ, ನೀರು ಪಂಚಾಯಿತಿಗೆ. ಉಣುಗು ಮಾತ್ರ ಈ ಎಲ್ಲರ ಗಡಿಯನ್ನೂ ದಾಟಿಕೊಂಡು ಓಡಾಡುತ್ತದೆ. ಮಂಗ ಸತ್ತದ್ದನ್ನು ಮೊದಲು ನೋಡುವವರು ದನ ಕಾಯುವವರು, ಸೌದೆಗೆ ಹೋದವರು. ಅವರು ಆಶಾ ಕಾರ್ಯಕರ್ತೆಗೆ ಹೇಳಿ, ಆಕೆ ಆರೋಗ್ಯ ಕೇಂದ್ರಕ್ಕೆ ಹೇಳಿ, ಅಲ್ಲಿಂದ ಅರಣ್ಯದವರಿಗೂ ಪಶುವೈದ್ಯರಿಗೂ ಸುದ್ದಿ ಮುಟ್ಟಿ, ಮರಣೋತ್ತರ ಪರೀಕ್ಷೆಯಾಗಿ, ಮಾದರಿ ಪ್ರಯೋಗಾಲಯಕ್ಕೆ ಹೋಗಿ, ಫಲಿತಾಂಶ ಬರಬೇಕು. ಈ ಸರಪಳಿಯಲ್ಲಿ ಒಂದು ದಿನ ಉಳಿಸಿದರೂ ಅದು ಒಂದು ಮನೆಯ ಜೀವ ಉಳಿದ ಹಾಗೆ. ಮಂಗನ ಸಾವು ಮನುಷ್ಯರಿಗೆ ಸಿಗುವ ಮುನ್ನೆಚ್ಚರಿಕೆ, ಅದಕ್ಕೇ ಇದಕ್ಕೆ ಇಷ್ಟು ಒತ್ತು. ಕಾಯಿಲೆಯ ಕಾಲದಲ್ಲಿ ಮೂರೂ ಇಲಾಖೆಯವರು ಒಂದೇ ಮೇಜಿನಲ್ಲಿ ಕೂರುವ ವ್ಯವಸ್ಥೆ ಈಚಿನ ವರ್ಷಗಳಲ್ಲಿ ಸ್ವಲ್ಪ ಸುಧಾರಿಸಿದೆ, ಅದು ಒಳ್ಳೆಯದು. ಆದರೆ ಕಾಡು ಎಲ್ಲಿ ಕಡಿಯಬೇಕು, ಏನು ನೆಡಬೇಕು, ರಸ್ತೆ ಎಲ್ಲಿ ತೆಗೆಯಬೇಕು ಅಂತ ತೀರ್ಮಾನ ಆಗುವ ಮೇಜಿನಲ್ಲಿ ಆರೋಗ್ಯದವರಿಗೆ ಕುರ್ಚಿಯೇ ಇಲ್ಲ.

ಮಲೆನಾಡಿನಲ್ಲಿರುವವರಿಗೆ ಗೊತ್ತಿರುವುದೇ ಆದರೂ ಒಂದು ಸಲ ಹೇಳುತ್ತೇನೆ. ಬೆಟ್ಟಕ್ಕೆ ಹೋಗುವ ಮುಂಚೆ ಕೈಕಾಲಿಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗು ಹತ್ತದ ಹಾಗೆ ತಡೆಯುವ ಡೆಪಾ ಎಣ್ಣೆ ಹಚ್ಚಿ. ಮೈತುಂಬಾ ಬಟ್ಟೆ ಇರಲಿ. ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಲೇಬೇಡಿ, ಫೋನ್ ಮಾಡಿ ಹೇಳಿ. ಜ್ವರ ಬಂದರೆ ಮಾತ್ರೆ ನುಂಗಿ ಎರಡು ದಿನ ನೋಡೋಣ ಅನ್ನಬೇಡಿ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.

ಆದರೆ ಎಣ್ಣೆ ಹಚ್ಚಿಕೊಳ್ಳಿ, ಕಾಡಿಗೆ ಹೋಗಬೇಡಿ ಅನ್ನುವಲ್ಲಿಗೆ ಸರ್ಕಾರದ ಕೆಲಸ ಮುಗಿಯಬಾರದು. ಮಂಗ ಸತ್ತ ಊರಿನಲ್ಲಿ ಬೆಟ್ಟಕ್ಕೆ ಹೋಗುವುದನ್ನು ತಡೆಯುವುದಾದರೆ ಅಷ್ಟು ದಿನದ ಕೂಲಿಯನ್ನು ಆ ಮನೆಗಳಿಗೆ ಕೊಡಬೇಕು. ಸೌದೆ ಬದಲಿಗೆ ಗ್ಯಾಸ್ ಸಿಲಿಂಡರ್ ತುಂಬಿಸಿಕೊಳ್ಳಲು ದುಡ್ಡು, ಕೊಟ್ಟಿಗೆಗೆ ದರಗಿನ ಬದಲು ಹುಲ್ಲೋ ಬೇರೆ ಹಾಸೋ, ದನಗಳ ಉಣುಗಿಗೆ ಔಷಧ, ಇವೆಲ್ಲ ನವೆಂಬರ್ ಒಳಗೇ ಊರಿಗೆ ತಲುಪಬೇಕು. ಜನವರಿಯಲ್ಲಿ ಮೊದಲ ಸಾವಾದ ಮೇಲೆ ಸಭೆ ಕರೆದರೆ ಅಷ್ಟು ಹೊತ್ತಿಗೆ ದರಗು ಗುಡಿಸಿ ಆಗಿರುತ್ತದೆ.